ನೀರಿನ ಗುಳಿಗೆ

ದಢೇಸುಗೂರಿನ ಗದ್ದೆಪ್ಪನಿಗೆ ಕೈ ಮುಂದು, ಮಾತು ಹಿಂದು. ಕಾಲುವೆ ನೀರಿನ ಸರದಿಗೆ ಜಗಳ ಬಂದರೆ ಎದುರಿನವನು ಬಾಯಿ ತೆರೆಯುವ ಮೊದಲೇ ಇವನ ಸಲಿಕೆಯ ಮರದ ಕಾವು ಅವನ ಬೆನ್ನ ಮೇಲಿರುತ್ತಿತ್ತು. ಇಂಥವನು ಬಾಲ ಮುದುರಿಕೊಂಡು ಕೂರುತ್ತಿದ್ದದ್ದು ಒಬ್ಬಳ ಮುಂದೆ ಮಾತ್ರ, ಅಕ್ಕ ಆದಮ್ಮನ ಮುಂದೆ. ತಾಯಿ ಸತ್ತಾಗ ಎರಡು ವರ್ಷದ ಕೂಸಾಗಿದ್ದ ಅವನನ್ನು ಕಂಕುಳಲ್ಲಿಟ್ಟುಕೊಂಡೇ ಸಸಿ ಹಚ್ಚಲು ಹೋದವಳು, ಅವನಿಗಾಗಿ ಮದುವೆಯನ್ನೇ ಬಿಟ್ಟವಳು.

ತೊಂಬತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಆದಮ್ಮನಿಗೆ ಬಿಪಿ ಏರಿ ಕಾಲು ಬಾತವು. ಸಿಂಧನೂರಿನ ಡಾಕ್ಟರು ಎರಡು ಥರದ ಗುಳಿಗೆ ಬರೆದು, ಉಪ್ಪು ಬಂದ್ ಎಂದರು. ಚೀಟಿ ಓದಿ ಹೇಳಿದವನು ಪಕೀರಪ್ಪ. ಮಸ್ಕಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು, ನಿವೃತ್ತನಾದ ಮೇಲೆ ಊರವರಿಗೆ ಸೂಜಿ ಹಾಕುತ್ತಿದ್ದ ಮುದುಕ.

“ಈ ದೊಡ್ಡದು ಬಿಪಿದು. ಈ ಸಣ್ಣದು ನೀರಿನ ಗುಳಿಗಿ. ಮೈಯಾಗಿನ ನೀರು ಹೊರಗ ಹಾಕತೈತಿ.”

ಆ ಮಾತು ಗದ್ದೆಪ್ಪನ ತಲೆಯಲ್ಲಿ ನಾಟಿಬಿಟ್ಟಿತು. ಭತ್ತ ಬೆಳೆಯುವವನಿಗೆ ಗೊತ್ತಿದ್ದದ್ದು ಒಂದೇ ಶಾಸ್ತ್ರ: ಗದ್ದೆಯ ನೀರು ಇಳಿದರೆ ಕಾಲುವೆಯ ಮಡೆ ತೆಗೆದು ಮತ್ತೆ ನೀರು ಬಿಡಬೇಕು, ಇಲ್ಲದಿದ್ದರೆ ಪೈರು ಸಾಯುತ್ತದೆ. ಅಕ್ಕ ದಿನಕ್ಕೆ ಹತ್ತು ಸಲ ಮನೆಯ ಹಿಂದೆ ಹೋಗಿ ಬರುತ್ತಿದ್ದಳು, ಮೀನಖಂಡ ಹಿಡಿದುಕೊಂಡು ನರಳುತ್ತಿದ್ದಳು. ಅವನಿಗೆ ನೋಡಲಾಗಲಿಲ್ಲ. ವಾಂತಿಭೇದಿ ಬಂದಾಗ ಇರಲಿ ಎಂದು ನರ್ಸಮ್ಮ ಮನೆಮನೆಗೆ ಹಂಚಿದ್ದ ಪುಡಿಯ ಪಾಕೀಟುಗಳಿದ್ದವು. ಮೈಯ ನೀರು ಹೋದವರಿಗೆ ಇದನ್ನು ಕುಡಿಸಿರಿ ಎಂದು ಆಕೆಯೇ ಹೇಳಿದ್ದಳಲ್ಲ! ನೆರೆಮನೆಗಳ ಪಾಕೀಟುಗಳನ್ನೂ ಬೇಡಿ ತಂದ. ದಿನಕ್ಕೆ ಎರಡು ತಂಬಿಗೆ, ಮೂರು ತಂಬಿಗೆ ಕದಡಿ ಕುಡಿಸಿದ.

“ಉಪ್ಪುಪ್ಪು ಐತಲ್ಲೋ ಗದ್ದೆ,” ಎಂದಳು ಆದಮ್ಮ.

“ಔಷಧ ಐತಿ ಬೇ ಯಕ್ಕ. ಸುಮ್ನ ಕುಡಿ.”

ಉಪ್ಪೆಂದರೆ ಅಡುಗೆಮನೆಯ ಮಡಕೆಯಲ್ಲಿರುವುದು, ಪಾಕೀಟಿನಲ್ಲಿ ಬರುವುದು ಔಷಧ. ಅಕ್ಕ ತಮ್ಮ ಇಬ್ಬರಿಗೂ ಇದರಲ್ಲಿ ಅನುಮಾನವೇ ಇರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಎದ್ದು ಕೂತ ಆದಮ್ಮ ಮತ್ತೆ ಮಲಗಲಾರದೆ ಹೋದಳು. ಉಸಿರು ಗೊರಗೊರ ಎನ್ನುತ್ತಿತ್ತು. ತುಟಿ ನೀಲಿಯಾಗಿ ಬಾಯಲ್ಲಿ ನೊರೆ ಬಂತು. ಸಿಂಧನೂರಿನ ಬಸ್ಸು ಆಗಲೇ ಹೋಗಿತ್ತು. ಗದ್ದೆಪ್ಪ ಸಲಿಕೆ ಹಿಡಿದು ಪಕೀರಪ್ಪನ ಮನೆಗೆ ಓಡಿದ. ಸಹಾಯ ಕೇಳಲಿಕ್ಕಲ್ಲ, ಸುಡುಗಾಡು ಬುದ್ಧಿ, ಹೊಡೆಯಲಿಕ್ಕೆ.

“ಎಂಥಾ ಗುಳಿಗಿ ನುಂಗು ಅಂದೆಲೇ ಮುದಿಯಾ? ನಮ್ಮಕ್ಕ ಸಾಯಾಕತ್ಯಾಳ!”

ಹಲ್ಲುಜ್ಜುತ್ತಿದ್ದ ಮುದುಕ ತಿರುಗುವಷ್ಟರಲ್ಲಿ ಕಾವು ಭುಜಕ್ಕೆ ಬಿತ್ತು. ಎರಡನೆಯ ಏಟಿಗೆ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಮೂರನೆಯದು ತಲೆಗೇ ಬರುತ್ತಿತ್ತು, ಪಕೀರಪ್ಪ ಬಲಗೈ ಅಡ್ಡ ಹಿಡಿದ. ಮಣಿಕಟ್ಟು ಲಟ್ಟೆಂದು ಮುರಿದು ಎಲುಬು ಚರ್ಮ ಹರಿದುಕೊಂಡು ಹೊರಬಂತು. ಬಿದ್ದವನ ಪಕ್ಕೆಗೂ ಗದ್ದೆಪ್ಪ ಒದ್ದ. ಸುಳ್ಳೇಕೆ ಹೇಳಬೇಕು, ಆ ಗಳಿಗೆ ಅವನಿಗೆ ಹಾಯೆನಿಸಿತು.

“ಗುಳಿಗಿ ಬಿಟ್ಟು... ಮತ್ತೇನು ಕೊಟ್ಟೀದಿ ಆಕಿಗೆ?” ಮುದುಕ ಮಣ್ಣಲ್ಲಿ ಬಿದ್ದುಕೊಂಡೇ ಕೇಳಿದ.

“ನರ್ಸಮ್ಮನ ಪುಡಿ. ನೀರು ಹೋಗಾಕತ್ತಿತ್ತು, ತುಂಬಿಸೀನಿ.”

“ಅದರಾಗ ಉಪ್ಪು ಐತಲೇ! ಅದು ವಾಂತಿಭೇದಿ ಆದವ್ರಿಗೆ. ಆಕಿ ಮೈಯಾಗ ನೀರು ಹೆಚ್ಚಾಗೈತಿ ಅಂತಾನ ಡಾಕ್ಟರು ಹೊರಗ ಬಿಡಿಸಾಕತ್ತಾರ. ನೀ ಉಪ್ಪು ಹಾಕಿ ಒಳಗ ಕಟ್ಟೀದಿ. ಬಂಗಾರದಂಥ ಅಕ್ಕನ್ನ ಸವುಳು ಹೊಲ ಮಾಡೀದಲ್ಲೋ!”

ಸವುಳು ಎಂದರೇನೆಂದು ಗದ್ದೆಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೀರು ನಿಂತು, ಮೇಲೆ ಉಪ್ಪು ಬಿಳಿಚಿ, ಹುಲ್ಲೂ ಹುಟ್ಟದಂತೆ ಸತ್ತುಹೋದ ಎರಡೆಕರೆ ಅವನದೇ ಇತ್ತು. ಸಲಿಕೆ ಕೈಯಿಂದ ಜಾರಿತು.

“ಪೆಟ್ಟಿಗ್ಯಾಗ ನೀರು ಇಳಿಸೋ ಇಂಜೆಕ್ಷನ್ ಐತಿ. ನನ್ನ ಹೊತ್ಕೊಂಡು ನಡಿ.”

ಮುದುಕನನ್ನು ಹೆಗಲಿಗೇರಿಸಿ, ಪೆಟ್ಟಿಗೆ ಹಿಡಿದು ಓಡಿದ. ಪಕೀರಪ್ಪನ ಬಲಗೈ ಜೋತಾಡುತ್ತಿತ್ತು. ಎಡಗೈಯಲ್ಲಿ ಸೂಜಿ ನಿಲ್ಲಲಿಲ್ಲ.

“ನೀನ ಚುಚ್ಚಬೇಕು.”

“ನನಗ ಬರಂಗಿಲ್ರೀ.”

“ಹೊಡಿಯಾಕ ಬರತೈತಲ್ಲ. ಚುಚ್ಚಲೇ!”

ಸಣ್ಣ ಸೀಸೆಯ ಕುತ್ತಿಗೆ ಮುರಿದ, ಔಷಧ ಎಳೆದ, ಮುದುಕ ತೋರಿಸಿದ ಕಡೆ ಟೊಂಕದ ಕೆಳಗೆ ಸೂಜಿ ಇಳಿಸಿದ. ಎರಡನೆಯ ಸೀಸೆಯನ್ನೂ ಹಾಕಿಸಿದ ಪಕೀರಪ್ಪ. ಆಮೇಲೆ ಕಾದರು. ಗದ್ದೆಪ್ಪ ಅಕ್ಕನ ಕಾಲು ಹಿಡಿದು ಕೂಸಿನಂತೆ ಅತ್ತ. ಅರ್ಧ ತಾಸಿಗೆ ಆದಮ್ಮ ಕೂತಲ್ಲೇ ಧಾರೆಧಾರೆಯಾಗಿ ಉಚ್ಚೆ ಹೊಯ್ದಳು. ಅಷ್ಟು ಸಿಹಿಯಾದ ಸಪ್ಪಳವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಸಿಂಧನೂರಿಗೆ ಒಯ್ಯಲು ನೆರೆಯವರ ಟ್ರ್ಯಾಕ್ಟರ್ ಬಾಗಿಲಿಗೆ ಬರುವ ಹೊತ್ತಿಗೆ ಅವಳ ಉಸಿರು ಹಗುರಾಗಿತ್ತು. ಕಣ್ಣು ಬಿಟ್ಟು ನೋಡಿದರೆ ಪಕೀರಪ್ಪನ ಮುಖದ ತುಂಬ ಹೆಪ್ಪುಗಟ್ಟಿದ ರಕ್ತ, ಕೈಗೆ ತನ್ನದೇ ಹಳೆ ಸೀರೆಯ ಕಟ್ಟು.

“ಯಾರು ಹೊಡದ್ರೋ ಯಣ್ಣ ನಿನಗ?”

ಪಕೀರಪ್ಪ ಎಡಗೈಯಿಂದ ಪೆಟ್ಟಿಗೆಯ ಮುಚ್ಚಳ ಹಾಕಿದ.

“ನಾನ ಯಕ್ಕ,” ಎಂದ ಗದ್ದೆಪ್ಪ. ಪುಡಿಯ ಸಂಗತಿಯನ್ನೂ ಹೇಳಿದ.

ಅವನ ಮೇಲೆ ಒಂದು ದಿನವೂ ಕೈ ಎತ್ತದ ಆದಮ್ಮ ಪಕ್ಕದಲ್ಲಿದ್ದ ಚಪ್ಪಲಿ ಎಳೆದುಕೊಂಡಳು. ಮುಖಕ್ಕೆ, ಕಿವಿಗೆ, ಬಾಯಿಗೆ ಬಾರಿಸಿದಳು. ತುಟಿ ಸೀಳಿ ರಕ್ತ ಬಂತು. ಗದ್ದೆಪ್ಪ ತಲೆ ತಗ್ಗಿಸಿಕೊಂಡು ಇನ್ನೂ ಹತ್ತಿರ ಸರಿದ.

“ನನ್ನ ಕೊಂದಿದ್ರೂ ಸೈ ಅಂತಿದ್ದೆ. ಊರಿಗೆ ಸೂಜಿ ಹಾಕೋ ಕೈ ಮುರದೀದಲ್ಲೋ!”

“ಸಾಕ ಬಿಡಬೇ ತಂಗಿ, ಬಿಪಿ ಏರತೈತಿ,” ಎಂದು ಪಕೀರಪ್ಪ ಎಡಗೈ ಅಡ್ಡ ತಂದ.

ಆದಮ್ಮ ಆ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ಮತ್ತೆ ಬಾರಿಸಿದಳು.