ಕಣ್ಣು ಬಿಡಿಸುವವಳು

ಶಹಾಪುರದ ಬಸ್ ನಿಲ್ದಾಣದ ಹತ್ತಿರ ಶಿವರಾಜನ ಸ್ಟುಡಿಯೋ. ಬೋರ್ಡಿನ ಮೇಲೆ ಮದುವೆ, ಕುಬಸ, ಹುಟ್ಟುಹಬ್ಬ ಎಂದು ದೊಡ್ಡದಾಗಿ ಬರೆಸಿದ್ದರೂ ಅಂಗಡಿ ನಡೆಯುತ್ತಿದ್ದುದು ಸತ್ತವರ ದಯೆಯಿಂದ. ಮದುವೆಯ ಫೋಟೋ ಈಗ ಎಲ್ಲರೂ ಮೊಬೈಲಿನಲ್ಲೇ ತೆಗೆದುಕೊಳ್ಳುತ್ತಾರೆ. ಗೋಡೆಗೆ ಹಾಕಿ ಹಾರ ಏರಿಸುವ ಫೋಟೋ ಬೇಕೆಂದರೆ ಮಾತ್ರ ಸ್ಟುಡಿಯೋಕ್ಕೇ ಬರಬೇಕು. ಬಂದವರ ಕೈಯಲ್ಲಿ ಏನಿರುತ್ತದೆ? ಆಧಾರ್ ಕಾರ್ಡಿನ ಮಸಿ ಬಳಿದಂಥ ಮುಖ. ಅದೂ ಇಲ್ಲದಿದ್ದರೆ, ಮಣ್ಣಿಗೆ ಒಯ್ಯುವ ಮುಂಚೆ ಕುರ್ಚಿಯಲ್ಲಿ ಕೂರಿಸಿ ಯಾರೋ ಅವಸರದಲ್ಲಿ ಹಿಡಿದ ಚಿತ್ರ. ಅದರಲ್ಲಿ ಕಣ್ಣುಗಳು ಮುಚ್ಚಿರುತ್ತವೆ. ಮನೆಯವರಿಗೋ ತಮ್ಮವರು ಕಣ್ಣು ಬಿಟ್ಟು ನೋಡಬೇಕು.

ಆ ಕೆಲಸ ಪರಿಮಳಾಳದು. ಅಂಗಡಿಯಲ್ಲಿ ಅದಕ್ಕೆ ಕಣ್ಣು ಬಿಡಿಸುವುದು ಎನ್ನುತ್ತಿದ್ದರು. ಬದುಕಿರುವ ಯಾರದೋ ಫೋಟೋದಿಂದ ಕಣ್ಣು ತಂದು, ಕಂಪ್ಯೂಟರಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಕೂರಿಸಿ, ಬಣ್ಣ ಹೊಂದಿಸುವುದು. ಅಣ್ಣನಿಗೆ ತಮ್ಮನ ಕಣ್ಣು, ತಾಯಿಗೆ ಮಗಳ ಕಣ್ಣು. ಅವಳ ಕೈ ಎಷ್ಟು ಪಳಗಿತ್ತೆಂದರೆ ಸುರಪುರದ ಕಡೆಯಿಂದಲೂ ಜನ ಬಸ್ಸು ಹತ್ತಿ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು.

ಅಂಥವಳಿಗೆ ಯಾದಗಿರಿಯಲ್ಲಿ ಬೇರೆ ಕೆಲಸ ಬಂದಿತ್ತು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಸಂಘಮಿತ್ರಾ, ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಬಿಲ್ ಹೊಡೆಯುವ ಕೆಲಸ ನೋಡಿಟ್ಟು ಫೋನಿನ ಮೇಲೆ ಫೋನು ಮಾಡುತ್ತಿದ್ದಳು.

"ಸೋಮವಾರ ಬರ್ತಿಯೋ ಇಲ್ಲೋ ಹೇಳಿಬಿಡು. ಅವರರ ಎಷ್ಟ ದಿನ ಕುರ್ಚಿ ಖಾಲಿ ಇಡ್ತಾರ?"

ಇತ್ತ ಶಿವರಾಜ ಬಿಡಲೊಲ್ಲ. "ನೀ ಹೋದ್ರ ನಾ ಅಂಗಡಿಗೆ ಬೀಗ ಹಾಕೋದ. ಪಗಾರ ಹೆಚ್ಚ ಮಾಡ್ತೀನಿ, ಸುಮ್ಮ ಇಲ್ಲೇ ಇರವ್ವ."

ಪರಿಮಳಾ ಇಬ್ಬರಿಗೂ ನೋಡೋಣ ಎನ್ನುತ್ತ ದಿನ ದೂಡಿದಳು. ಪಗಾರದ ಚಿಂತೆ ಅವಳದಲ್ಲ. ಅವಳ ಸಂಕಟ ಯಾರ ಮುಂದೆಯೂ ಹೇಳುವಂಥದಾಗಿರಲಿಲ್ಲ. ಅವಳಿಗೆ ತನ್ನ ತಾಯಿಯ ಮುಖವೇ ಕಾಣದಂತಾಗಿತ್ತು.

ತಾಯಿ ಕರೆಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಮ್ಮೆ ಶಿರವಾಳದ ಖಂಡಪ್ಪನೆಂಬ ಕೂಲಿಯವನು ಸತ್ತ ಹೆಂಡತಿಯ ಫೋಟೋ ತಂದ. ಮಕ್ಕಳಿಲ್ಲ, ಅಕ್ಕತಂಗಿಯರಿಲ್ಲ. ಕಣ್ಣು ಎಲ್ಲಿಂದ ತರುವುದು? ಕಂಪ್ಯೂಟರಿನಲ್ಲಿ ಕರೆಮ್ಮನ ಫೋಟೋ ಇತ್ತು. ಪರಿಮಳಾ ಹಿಂದೆಮುಂದೆ ನೋಡದೆ ಅವ್ವನ ಕಣ್ಣು ತೆಗೆದು ಆಕೆಗೆ ಹಚ್ಚಿದಳು. ಖಂಡಪ್ಪ ಫೋಟೋ ಎದೆಗವಚಿಕೊಂಡು ಅತ್ತುಬಿಟ್ಟ. "ಇಕೀನ ನೋಡ್ರಿ! ನಾ ತಡಾ ಮಾಡಿ ಮನಿಗಿ ಬಂದ್ರ ಹಿಂಗ ನೋಡ್ತಿದ್ಳು." ಪರಿಮಳಾಳಿಗೂ ಅಳು ಬಂತು. ಪುಣ್ಯದ ಕೆಲಸ ಮಾಡಿದೆ ಎನ್ನಿಸಿತು.

ಆಮೇಲೆ ಅದು ರೂಢಿಯಾಯಿತು. ಕಣ್ಣು ಸಿಗದ ವಯಸ್ಸಾದ ಹೆಂಗಸರಿಗೆಲ್ಲ ಕರೆಮ್ಮನ ಕಣ್ಣು. ಹತ್ತಿ ಹೊಲದ ಬಿಸಿಲಿಗೆ ಕಿರಿದು ಮಾಡಿ ಮಾಡಿ ಸುಕ್ಕುಗಟ್ಟಿದ ಆ ಕಣ್ಣುಗಳು ಯಾವ ಮುಖಕ್ಕೂ ಒಪ್ಪುತ್ತಿದ್ದವು.

ಹಿಟ್ಟಿನ ಗಿರಣಿಗೆ ಹೋದರೆ ಗೋಡೆಯ ಮೇಲಿಂದ ಗಿರಣಿಯವರ ಅತ್ತೆ ಅವ್ವನ ಕಣ್ಣಿಂದ ನೋಡುತ್ತಿದ್ದಳು. ಗೆಳತಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋದರೆ ಅಲ್ಲೂ ಒಬ್ಬ ಮುದುಕಿ. ಮೊದಮೊದಲು ಪರಿಮಳಾಳಿಗೆ ಖುಷಿಯೇ ಆಗಿತ್ತು, ಊರ ತುಂಬ ಅವ್ವ ಇದ್ದಾಳೆಂದು. ಬರಬರುತ್ತ ಭಯವಾಯಿತು. ನೋಟ ಅವ್ವನದು, ಆದರೆ ಆ ಮುಖಗಳಿಗೆ ಪರಿಮಳಾಳ ಗುರುತೇ ಇರಲಿಲ್ಲ. ಹೆತ್ತ ಕಣ್ಣುಗಳು ದಾರಿಹೋಕಳನ್ನು ನೋಡಿದಂತೆ ನೋಡುತ್ತಿದ್ದವು. ಒಂದು ಸಂಜೆ ಮನೆಯಲ್ಲಿ ಅವ್ವನ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ ತಲೆಯೆತ್ತಿದರೆ ಅಲ್ಲಿ ಖಂಡಪ್ಪನ ಹೆಂಡತಿ! ಮರುದಿನ ಗಿರಣಿಯವರ ಅತ್ತೆ. ಕರೆಮ್ಮ ಮಾತ್ರ ಇಲ್ಲ. ಅಂದಿನಿಂದ ಪರಿಮಳಾ ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟಳು. ಊರು ಬಿಟ್ಟರೆ ಈ ಕಾಟ ತಪ್ಪೀತು ಎಂದು ಒಂದು ಮನಸ್ಸು. ಅವ್ವನನ್ನು ಮಂದಿಯ ಗೋಡೆಗಳ ಮೇಲೆ ಬಿಟ್ಟು ಓಡಿಹೋದಂತಾಗುತ್ತದಲ್ಲ ಎಂದು ಇನ್ನೊಂದು.

ಶನಿವಾರ ಮಧ್ಯಾಹ್ನ ಕೆಂಭಾವಿಯಿಂದ ಮೋನಮ್ಮ ಎಂಬಾಕೆ ಬಂದಳು. ಕಾಮಾಲೆಯಲ್ಲಿ ಸತ್ತ ಮಗಳು ಮಹಾನಂದಾಳ ಚಿತ್ರ ತಂದಿದ್ದಳು. ಹೆಚ್ಚುಕಡಿಮೆ ಪರಿಮಳಾಳದೇ ವಯಸ್ಸು. ಉಳಿದ ಫೋಟೋಗಳೆಲ್ಲ ಗಂಡನ ಮನೆಯವರ ಹತ್ತಿರ, ಅವರು ಕೊಡಲೊಲ್ಲರಂತೆ.

"ಕಣ್ಣ ಬಿಡಿಸಿ ಕೊಡ್ತಾರ, ಹೋಗು ಅಂದ್ರವ್ವ ಊರಾಗ," ಎಂದಳು.

ಶಿವರಾಜ ಪರಿಮಳಾಳ ಕಿವಿಯಲ್ಲಿ ಹೇಳಿದ. "ನಿಮ್ಮವ್ವನ ಕಣ್ಣ ಇಕಿಗಿ ಒಪ್ಪೂದಿಲ್ಲ, ಸಣ್ಣಾಕಿ ಅದಾಳ. ನಿನ್ನವ ಹಾಕು." ಅಲ್ಲೇ ನಿಲ್ಲಿಸಿ ಅವಳದೊಂದು ಫೋಟೋ ತೆಗೆದೇಬಿಟ್ಟ. ಪರಿಮಳಾ ತನ್ನ ಕಣ್ಣುಗಳನ್ನು ತಾನೇ ಕತ್ತರಿಸಿ ಸತ್ತವಳ ಮುಖಕ್ಕೆ ಕೂರಿಸಿದಳು.

ಮೋನಮ್ಮ ಪರದೆಯ ಮುಂದೆ ಬಾಗಿ ಬಹಳ ಹೊತ್ತು ನೋಡಿದಳು.

"ಇಕಿ ಯಾಕವ್ವ ಇಷ್ಟ ಅಂಜ್ಯಾಳ?"

"ಅದು ಬೆಳಕಿನ ಆಟ ಅಮ್ಮಾ," ಎಂದು ಶಿವರಾಜ ತೇಲಿಸಿದ.

ಮೋನಮ್ಮ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. "ನನ್ನ ಮುಂದ ನಕ್ಕೋತ ಮಾತಾಡ್ತಿದ್ಳು. ಕಡೀತನಕ. ಒಳಗ ಇಷ್ಟ ಅಂಜಿದ್ಳೇನ ನನ್ನ ಮಗಳು? ನನಗ್ಯಾಕ ಹೇಳ್ಲಿಲ್ಲ?"

ಸುಮ್ಮನಿದ್ದರೆ ಈ ತಾಯಿ ಬದುಕಿರುವತನಕ ಇದನ್ನೇ ಕೇಳಿಕೊಳ್ಳುತ್ತಿರುತ್ತಾಳೆ ಎಂದು ಪರಿಮಳಾಳಿಗೆ ಅನ್ನಿಸಿತು. ಅಂಗಡಿಯಲ್ಲಿ ಯಾರಿಗೂ ಹೇಳಬಾರದ ಮಾತನ್ನು ಹೇಳಿಬಿಟ್ಟಳು.

"ಅವು ನಿಮ್ಮ ಮಗಳ ಕಣ್ಣಲ್ಲ ಅಮ್ಮಾ, ನನ್ನವು. ಅಂಜಿದಾಕಿ ನಾನು."

ಮೋನಮ್ಮ ತಿರುಗಿ ಅವಳ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡಳು ಪರಿಮಳಾ. ಆಕೆ ಬೈಯಲಿಲ್ಲ.

"ದವಾಖಾನ್ಯಾಗ ನಾನ ಈ ಕೈಲೆ ಮುಚ್ಚೀನವ್ವ ಆಕಿ ಕಣ್ಣ. ನಾ ಮುಚ್ಚಿದ್ದು ನೀ ಯಾಕ ತಗದಿ? ಮುಚ್ಚು. ಮಲಗ್ಲಿ ನನ್ನ ಕೂಸು."

ಪರಿಮಳಾ ಮುಚ್ಚಿದಳು. ಮೋನಮ್ಮ ಪರದೆಯ ಮೇಲೆ ಕೈಯಾಡಿಸಿ, "ಈಗ ಹೌದು," ಎಂದಳು. ಶಿವರಾಜ ಕೆಂಡದಂಥ ಮುಖ ಮಾಡಿಕೊಂಡು ಒಳಗೆ ಹೋದ.

ಪರಿಮಳಾ ಅಂಗಡಿಯಲ್ಲಿ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅವಳ ಕಣ್ಣಿಗೆ ಬೇರೊಂದು ದವಾಖಾನೆ ಕಟ್ಟುತ್ತಿತ್ತು. ಕರೆಮ್ಮನ ಉಸಿರು ನಿಂತಾಗ ಆ ರೆಪ್ಪೆಗಳನ್ನು ಸವರಿ ಮುಚ್ಚಿದವಳು ತಾನೇ. ಮುಚ್ಚಿದವಳೇ ಮತ್ತೆ ಮತ್ತೆ ತೆರೆದಿದ್ದಳು. ಗುರುತಿಲ್ಲದ ಮನೆಗಳಲ್ಲಿ, ಗುರುತಿಲ್ಲದ ಮುಖಗಳಲ್ಲಿ ಹಗಲೂ ರಾತ್ರಿ ಎವೆಯಿಕ್ಕದೆ ಎಚ್ಚರವಿರುವಂತೆ ಅವ್ವನನ್ನು ಇಟ್ಟುಬಿಟ್ಟಿದ್ದಳು.

ಮನೆಗೆ ಬಂದವಳೇ ಗೋಡೆಯ ಮುಂದೆ ನಿಂತು, ತಲೆಯೆತ್ತದೆ, ತಡಕಾಡಿ ಫೋಟೋದ ಕಣ್ಣುಗಳ ಮೇಲೆ ಅಂಗೈ ಇಟ್ಟಳು. ಆಮೇಲೆ ನೋಡಿದಳು. ಅಂಗೈಯ ಕೆಳಗೆ ಎಲೆ-ಅಡಿಕೆಗೆ ಕಂದಿದ ತುಟಿ. ಸ್ವಲ್ಪ ಸೊಟ್ಟಗಿನ ಮೂಗು. ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕಿ. ಇವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅಲ್ಲಿ ಕರೆಮ್ಮ ಇದ್ದಳು.

"ಅವ್ವಾ," ಎಂದಳು ಪರಿಮಳಾ, ಗಟ್ಟಿಯಾಗಿ ಅಳುತ್ತ.

ಫೋನು ಬಡಿದುಕೊಂಡಿತು. ಇನ್ನೊಂದು ಕೈಯಲ್ಲಿ ಎತ್ತಿದಳು.

"ಏನ್ ಮಾಡ್ದಿ? ಬರ್ತಿಯೇನ?" ಎಂದಳು ಸಂಘಮಿತ್ರಾ.

"ಬರ್ತೀನಿ ಅಕ್ಕಾ. ಈ ಕಣ್ಣ ಬಿಡಿಸೂ ಕೆಲಸಕ್ಕ ಮತ್ತ ಹೋಗೂದಿಲ್ಲ."

"ಯಾಕ ಅಳಾಕತ್ತಿ? ಇರ್ಲಿ, ಬರೂವಾಗ ಅವ್ವನ ಫೋಟೋ ತಗೊಂಡ ಬಾ."

ಪರಿಮಳಾ ಹೂಂ ಎಂದಳು. ಫೋನಿಟ್ಟ ಮೇಲೂ ಫೋಟೋದ ಮೇಲಿನ ಕೈಯನ್ನು ಎತ್ತಲು ಅವಳಿಗೆ ಧೈರ್ಯ ಬರಲಿಲ್ಲ.