ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು

ಸೋಮವಾರ ಬೆಳಗ್ಗೆ ಐದು ಐವತ್ತಕ್ಕೆ ಗ್ರಂಥಾಲಯದ ಓದುವ ಕೊಠಡಿಯ ನೆಲ ಹಾಳಾಗಿರುವುದು ಗೊತ್ತಾಯಿತು. ಮೂರನೆಯ ಕಿಟಕಿಯಿಂದ ಆರನೆಯ ಕಿಟಕಿಯವರೆಗೆ, ಮೇಜುಗಳ ನಡುವಿನ ಹಾದಿಯಲ್ಲಿ, ಹೊಳಪು ಸತ್ತು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮೊದಲು ನೋಡಿದವಳು ಅಕ್ಕ. ಆ ಹೊತ್ತಿನಲ್ಲಿ ಕಟ್ಟಡದಲ್ಲಿ ಬೇರೆ ಯಾರೂ ಇರುವುದಿಲ್ಲ.

ಅಕ್ಕ ಅಲ್ಲಿ ನೆಲ ಗುಡಿಸಿ ಒರೆಸುವವಳು. ವಯಸ್ಸು ಐವತ್ತಾರು. ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಮೇಲ್ವಿಚಾರಕನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವಳು ಪೊರಕೆ ಕೆಳಗಿಟ್ಟು, ಒದ್ದೆ ಬಟ್ಟೆಯಿಂದ ಆ ಜಾಗ ಒರೆಸಿ ನೋಡಿದಳು. ಒದ್ದೆ ಇರುವಷ್ಟು ಹೊತ್ತು ಕಲೆ ಮಾಯವಾಗಿ, ಒಣಗುತ್ತಲೇ ಮೊದಲಿನಂತೆ ಮೇಲೆದ್ದಿತು. ಅಂಗೈ ಇಟ್ಟರೆ ಉಗುರು ಉಜ್ಜುವ ಪಟ್ಟಿಯ ಹಾಗೆ ತರಿತರಿ. ಅದು ಕೊಳೆಯಲ್ಲ, ನೆಲವೇ ಸುಟ್ಟಿದೆ ಎಂದು ಅವಳಿಗೆ ಅರ್ಥವಾಯಿತು.

ಒಂಬತ್ತು ವರ್ಷದ ಹಿಂದೆ ಆ ಕೊಠಡಿಯ ಹಳೆಯ ಹಾಸನ್ನು ಕಿತ್ತು, ಅಡಿಯಲ್ಲಿದ್ದ ಕಾಂಕ್ರೀಟನ್ನೇ ಅರೆದು ಪಾಲಿಶ್ ಮಾಡಿಸಿದ್ದರು. ಆ ಕೆಲಸಕ್ಕೆ ಬಂದ ಪಾಲಿಶ್ ಮೇಸ್ತ್ರಿ ಹತ್ತು ದಿನ ಅಲ್ಲೇ ಇದ್ದ. ಯಂತ್ರ ಇಳಿಸುವ ಮೊದಲು ಮೂರು ದಿನ ಬರೀ ತಯಾರಿಯಲ್ಲೇ ಕಳೆದಿದ್ದ. ಹಳೆಯ ಅಂಟು ಕೆರೆದ, ಬಿರುಕು ತುಂಬಿದ, ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟು ಅದರಡಿ ತೇವ ಕೂಡಿದೆಯೇ ಎಂದು ನೋಡಿದ. ಆಮೇಲೆ ಒರಟು ವಜ್ರದ ಬಿಲ್ಲೆಯಿಂದ ಶುರು ಮಾಡಿ ನುಣುಪಿನ ಬಿಲ್ಲೆಯವರೆಗೆ ಏಳು ಸಲ ಅರೆದ. ಬೂದು ನೆಲದೊಳಗಿಂದ ಕಪ್ಪು, ಕಂದು, ಹಾಲುಬಣ್ಣದ ಜಲ್ಲಿಕಲ್ಲುಗಳು ಕಣ್ಣು ಬಿಟ್ಟವು.

ಕೊನೆಯ ದಿನ ಅವನು ಅಕ್ಕನನ್ನು ಕರೆದು ಒಂದು ಗಂಟೆ ಪಾಠ ಹೇಳಿದ. ಮೊದಲು ಒಣ ದೂಳು ತೆಗೆಯಬೇಕು, ದೂಳಿನ ಮೇಲೆ ನಡೆದರೆ ಅದೇ ಉಪ್ಪುಕಾಗದ. ಸೌಮ್ಯವಾದ ಸೋಪಿನ ದ್ರಾವಣ ಬಿಟ್ಟು ಬೇರೇನೂ ಬೇಡ. ಲಿಂಬೆರಸ ಬಿದ್ದರೆ ಆ ಕ್ಷಣವೇ ಒರೆಸಬೇಕು. ಆಸಿಡ್ ಅಂತೂ ಬಾಗಿಲ ಹತ್ತಿರವೂ ಬರಕೂಡದು. ಒರೆಸುವ ಕೋಲನ್ನು ಹಿಂದಕ್ಕೆ ಮುಂದಕ್ಕೆ ಎಳೆಯದೆ, ನೆಲದಿಂದ ಎತ್ತದೆ, ಎಡಕ್ಕೊಂದು ಸುತ್ತು ಬಲಕ್ಕೊಂದು ಸುತ್ತು ಹಾಕುತ್ತಾ ಹಿಂದೆ ಸರಿಯಬೇಕು. ಅವಳ ಕೈಗೆ ಅದು ಕೂರುವವರೆಗೂ ಮಾಡಿಸಿದ. ಹೊರಡುವಾಗ, "ನನ್ನ ಕೆಲಸ ಮುಗೀತು. ಇನ್ಮೇಲೆ ಇದು ನಿಮ್ಮ ನೆಲ" ಎಂದ.

ಅದು ಅವನು ಎಲ್ಲ ಕಡೆ ಹೇಳುವ ಮಾತಿರಬಹುದು. ಅಕ್ಕ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಗಂಡ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತಮ್ಮ ಪ್ರತಿ ಭಾನುವಾರ ಫೋನ್ ಮಾಡಿ ನಾಲ್ಕು ನಿಮಿಷ ಮಾತಾಡುತ್ತಿದ್ದ. ಉಳಿದ ದಿನ ಅವಳ ಒಂಟಿ ಕೋಣೆಯಲ್ಲಿ ಮಾತಿಗೆ ಎಡೆಯಿರಲಿಲ್ಲ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಓದುವ ಕೊಠಡಿಯಲ್ಲಿ ಇರುವಾಗ ಮಾತ್ರ ತನ್ನ ಮನೆಯಲ್ಲಿದ್ದೇನೆ ಎನ್ನಿಸುತ್ತಿತ್ತು. ಓದುಗರನ್ನು ಅವಳು ನೆಲದ ಮೇಲಿನ ಗುರುತಿನಿಂದಲೇ ಬಲ್ಲಳು: ನಾಲ್ಕನೆಯ ಮೇಜಿನ ಕೆಳಗೆ ಪೆನ್ಸಿಲ್ ಸಿಪ್ಪೆ ಬೀಳಿಸುವವನು, ಬಲಗಾಲು ಎಳೆದು ನಡೆಯುವ ಮುದುಕ, ಕುರ್ಚಿಯನ್ನು ಎತ್ತದೆ ದೂಡುವವಳು. ಅವರು ಮೇಲೆ ಹತ್ತಿ ಬರುವಾಗ ಅವಳು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದಳು.

ಆ ಸೋಮವಾರ ಎಂಟು ಗಂಟೆಗೆ ಮೇಲ್ವಿಚಾರಕ ಬಂದು ಕಲೆ ನೋಡಿ, ಆಸಿಡ್ ಬಿದ್ದಿದೆ ಎಂದ. ಯಾರು ಎಂದು ಕೇಳಿದ. ಶನಿವಾರ ಸಂಜೆ ಕಟ್ಟಡದಲ್ಲಿ ಇದ್ದವರು ಇಬ್ಬರೇ. ಒಬ್ಬಳು ಅಕ್ಕ. ಇನ್ನೊಬ್ಬಳು ಶೌಚಾಲಯ ಮತ್ತು ಮೆಟ್ಟಿಲು ತೊಳೆಯಲು ಮೂರು ತಿಂಗಳ ಹಿಂದೆ ಸೇರಿದ ಹೆಂಗಸು, ಎರಡು ಮಕ್ಕಳ ತಾಯಿ. ಎಲ್ಲರ ಬಾಯಲ್ಲಿ ಅವಳಿನ್ನೂ 'ಹೊಸಬಳು'. ಬಾಯಿ ಸುಮ್ಮನಿರದ ಹೆಂಗಸು. ಅಕ್ಕ ಮೊಣಕಾಲೂರಿ ಮೂಲೆ ಉಜ್ಜುವುದನ್ನು ಕಂಡಾಗಲೆಲ್ಲ, "ಯಾಕಕ್ಕಾ ಇಷ್ಟು ಅಲಂಕಾರ? ನೆಲ ನೋಡೋಕೇನು ಗಂಡಿನ ಕಡೆಯವರು ಬರ್ತಾರಾ?" ಎನ್ನುತ್ತಿದ್ದಳು.

ಅಕ್ಕ ಹಿಂದೆಮುಂದೆ ನೋಡದೆ ಹೇಳಿದಳು: "ನನ್ನ ಕೈಯಲ್ಲಿ ಹೀಗಾಗಲ್ಲ. ಆಸಿಡ್ ಮುಟ್ಟೋದು ಅವಳೊಬ್ಬಳೇ."

ಮೇಲ್ವಿಚಾರಕ ಅಷ್ಟನ್ನೇ ಬರೆದುಕೊಂಡ. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಹೊಸಬಳಿಗೆ ಫೋನಿನಲ್ಲೇ ತಿಳಿಸಿದ. ಪಾಲಿಶ್ ಮೇಸ್ತ್ರಿಗೂ ಹೇಳಿ ಕಳಿಸಿದ.

ಆ ಸಂಜೆ ಮನೆಯಲ್ಲಿ ಅಕ್ಕ ಒಲೆಯ ಮೇಲೆ ಹಾಲಿಟ್ಟು ಕಿಟಕಿಯ ಬಳಿ ನಿಂತಿದ್ದಳು. ತಿರುಗಿ ನೋಡಿದಾಗ ಕೋಣೆಯ ತುಂಬ ಹೊಗೆ, ಪಾತ್ರೆಯ ತಳ ಕರಿ. ಅವಳಿಗೆ ವಾಸನೆ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಒಯ್ದಿತ್ತು. ಈ ಸಂಗತಿ ಅವಳೊಬ್ಬಳಿಗೇ ಗೊತ್ತು. ಒಮ್ಮೆ ಮನೆಗೆ ಬಂದಿದ್ದ ತಮ್ಮನ ಹೆಂಡತಿ, ಹೀಗೇ ಸೀದ ಪಾತ್ರೆ ನೋಡಿ, ಮೂಗಿಗೇನು ರಜೆ ಕೊಟ್ಟಿದ್ದೀರಾ ಎಂದು ಕೇಳಿದಾಗ ಅಕ್ಕ ನಕ್ಕು ಮಾತು ಮರೆಸಿದ್ದಳು. ಗ್ರಂಥಾಲಯದಲ್ಲೂ ಹೇಳಲಿಲ್ಲ. ರಾಸಾಯನಿಕ ಮುಟ್ಟುವವರ ಕಣ್ಣು, ಮೂಗು, ಚರ್ಮ ಸರಿಯಿರಬೇಕು ಎಂಬ ನಿಯಮದ ಹಾಳೆ ಉಗ್ರಾಣದ ಬಾಗಿಲ ಮೇಲೇ ಅಂಟಿಸಿತ್ತು. ಹೇಳಿದರೆ ನೆಲ ಹೋಗುತ್ತಿತ್ತು.

ಕರಿ ಹಿಡಿದ ಪಾತ್ರೆಯನ್ನು ಉಜ್ಜುತ್ತಿರುವಾಗ ಅವಳಿಗೆ ಶನಿವಾರದ ನೊರೆ ನೆನಪಾಯಿತು.

ವಾರಕ್ಕೊಮ್ಮೆ, ಶನಿವಾರ ಸಂಜೆ, ನೆಲಕ್ಕೆ ಗಟ್ಟಿ ತೊಳೆತ. ಅರ್ಧ ಬಕೆಟ್ ನೀರಿಗೆ ಒಂದು ಮಗ್ ಸೋಪಿನ ದ್ರಾವಣ ಹಾಕಿ, ನೆಲಕ್ಕೆ ಸವರಿ, ಹತ್ತು ನಿಮಿಷ ಬಿಟ್ಟು, ಎರಡು ಸಲ ಬರೀ ನೀರಿನಲ್ಲಿ ಒರೆಸಬೇಕು. ಮೊನ್ನೆ ಕಪಾಟಿನಲ್ಲಿದ್ದ ಬಿಳಿ ಕ್ಯಾನಿನ ಚೀಟಿ ಉದುರಿಹೋಗಿತ್ತು. ಕ್ಯಾನು ಎಂದಿನದೇ. ತಳದಲ್ಲಿ ಉಳಿದಿದ್ದಷ್ಟನ್ನೂ ಮೊದಲ ಬಕೆಟ್ಟಿಗೆ ಸುರಿದಿದ್ದಳು. ಎರಡನೆಯ ಬಕೆಟ್ಟಿಗೆ ಹೊಸ ಕ್ಯಾನು ಒಡೆದಿದ್ದಳು. ಮೊದಲ ಬಕೆಟ್ಟಿನದು ನೆಲದ ಮೇಲೆ ನೊರೆಯೆದ್ದು ಸಣ್ಣಗೆ ಚುರುಗುಟ್ಟಿದ್ದನ್ನು ಕೇಳಿ, ಸೋಪು ಚೆನ್ನಾಗಿದೆ ಎಂದುಕೊಂಡಿದ್ದಳು. ಕೆಮ್ಮು ಬಂದಿತ್ತು. ನೆಗಡಿಯಿರಬೇಕು ಎಂದುಕೊಂಡಿದ್ದಳು. ಮೂರನೆಯ ಕಿಟಕಿಯಿಂದ ಶುರು ಮಾಡಿದ ಮೊದಲ ಬಕೆಟ್ ಮುಗಿದದ್ದು ಆರನೆಯ ಕಿಟಕಿಯ ಹತ್ತಿರ.

ಮಂಗಳವಾರ ಅವಳು ಉಗ್ರಾಣದವನನ್ನು ಸುಮ್ಮನೆ ವಿಚಾರಿಸುವಂತೆ ವಿಚಾರಿಸಿದಳು. ಶೌಚಾಲಯದ ಆಸಿಡ್ ಡ್ರಮ್ಮು ಸೋರುತ್ತಿತ್ತು, ಹಾಗಾಗಿ ಉಳಿದದ್ದನ್ನು ಖಾಲಿ ಸೋಪಿನ ಕ್ಯಾನಿಗೆ ಬಗ್ಗಿಸಿ ಚೀಟಿ ಅಂಟಿಸಿದ್ದೆ ಎಂದ. ಚೀಟಿ ಬಿದ್ದರೂ ಪರವಾಗಿಲ್ಲ, ಮುಚ್ಚಳ ತೆಗೆದರೆ ಸತ್ತವನೂ ಎದ್ದು ಕೂರಬೇಕು, ಅಂಥ ವಾಸನೆ ಎಂದು ನಕ್ಕ. ಅಕ್ಕ ಯಾರಿಗೂ ಏನೂ ಹೇಳಲಿಲ್ಲ.

ಬುಧವಾರ ಬೆಳಗ್ಗೆ ಏಳಕ್ಕೆ ಮೇಸ್ತ್ರಿ ಬಂದ. ಗಡ್ಡ ನೆರೆತಿತ್ತು, ಒಂದು ಕಿವಿ ಮಂದವಾಗಿತ್ತು. ಹೊಳಪು ಅಳೆಯುವ ಪುಟ್ಟ ಪೆಟ್ಟಿಗೆಯನ್ನು ಗೋಡೆಯ ಬಳಿ ಇಟ್ಟಾಗ ಅರವತ್ತೆರಡು ತೋರಿಸಿತು. ಕಲೆಯ ಮೇಲೆ ಹನ್ನೊಂದು. ಒಂಬತ್ತು ವರ್ಷಕ್ಕೆ ಅರವತ್ತೆರಡು ಉಳಿಸಿಕೊಂಡ ನೆಲವನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದು ಅವನು ಮೇಲ್ವಿಚಾರಕನಿಗೆ ಹೇಳಿದ. ಆಮೇಲೆ ದೀಪ ಆರಿಸಲು ಹೇಳಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಿಟಕಿಯಿಂದ ಅಡ್ಡಲಾಗಿ ಬೀಳುತ್ತಿದ್ದ ಬಿಸಿಲಿನಲ್ಲಿ ಕಲೆಯನ್ನು ನೋಡಿದ. ಬಹಳ ಹೊತ್ತು ನೋಡಿದ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಆ ಬಿಸಿಲಿನಲ್ಲಿ ಅವಳಿಗೂ ಕಂಡಿತು. ಕಲೆಯ ಅಂಚು ನೇರವಾಗಿರಲಿಲ್ಲ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಎಲ್ಲೂ ಎತ್ತದ ಕೋಲು, ಆರನೆಯ ಕಿಟಕಿಯವರೆಗೆ. ಹೊಸಬಳು ಕೋಲನ್ನು ದೋಣಿಯ ಹುಟ್ಟಿನಂತೆ ಎಳೆಯುವವಳು.

ಮೇಲ್ವಿಚಾರಕ ಕೆಳಗಿಳಿದ ಮೇಲೆ ಮೇಸ್ತ್ರಿ ತನ್ನ ಚೀಲದಿಂದ ಒಂದು ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಅಕ್ಕನ ಕಡೆ ಚಾಚಿದ.

"ಇದೇ ಸೋಪಾ ನೀವು ಹಾಕೋದು? ವಾಸನೆ ನೋಡಿ ಹೇಳಿ."

ಅಕ್ಕ ಮೂಸಿದಳು. "ಹೌದು, ಇದೇ."

"ಬರೀ ನೀರು, ಅಕ್ಕ. ನಾನು ಕುಡಿಯೋಕೆ ತಂದಿದ್ದು."

ಅವನ ದನಿಯಲ್ಲಿ ಗೆದ್ದ ಭಾವವಿರಲಿಲ್ಲ. ಕಾಂಕ್ರೀಟಿನ ದೂಳು ತಿಂದೂ ತಿಂದೂ ತನ್ನ ಮೂಗೂ ಅರ್ಧ ಹೋಗಿದೆ, ಜೊತೆ ಕೆಲಸದವರಿಗೆ ಹೇಳಿಲ್ಲ ಎಂದ. ವರದಿಯಲ್ಲಿ ಕಾರಣ ಬರೆಯುವ ಸಾಲೊಂದಿದೆ, ಅಲ್ಲಿ 'ಖಚಿತವಾಗಿಲ್ಲ' ಎಂದು ಬರೆಯುತ್ತೇನೆ, ಹಾದಿ ಅರೆಯಲು ನಾಲ್ಕು ದಿನ ಸಾಕು, ಆಮೇಲೆ ಎಲ್ಲ ಮೊದಲಿನಂತೆ ಎಂದ.

"ಅವಳು?" ಅಕ್ಕ ಕೇಳಿದಳು.

"ಅದು ನನ್ನ ವರದೀಲಿ ಬರಲ್ಲ."

ಅಕ್ಕ ಕೋಲನ್ನು ಗೋಡೆಗೆ ಆನಿಸಿ, ಮೆಟ್ಟಿಲಿಳಿದು ಮೇಲ್ವಿಚಾರಕನ ಕೋಣೆಗೆ ಹೋದಳು. ಅಲ್ಲಿ ಇದ್ದದ್ದು ಐದು ನಿಮಿಷ. ಕ್ಯಾನಿನ ವಿಷಯ ಹೇಳಿದಳು, ಮೂಗಿನ ವಿಷಯ ಹೇಳಿದಳು, ಸೋಮವಾರ ತಾನು ಹೇಳಿದ್ದು ತಪ್ಪು ಎಂದಳು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಎರಡು ವರ್ಷದಿಂದ ಇದ್ದದ್ದನ್ನು ಈಗ ಯಾಕೆ ಹೇಳಿದೆ ಎಂದು ಕೇಳಿದ. ನಿಯಮದ ಹಾಳೆ ಇರುವುದು ನಿನಗೆ ಗೊತ್ತಲ್ಲ ಅಕ್ಕ ಎಂದ. ಗೊತ್ತು ಎಂದಳು.

ನಡೆದದ್ದನ್ನೆಲ್ಲ ಮೇಲ್ವಿಚಾರಕನಿಂದ ತಿಳಿದು ಗುರುವಾರ ಹೊಸಬಳು ಕೆಲಸಕ್ಕೆ ಬಂದಳು. ಇಡೀ ದಿನ ಮಾತಾಡಲಿಲ್ಲ. ಮೇಲೆ ಯಂತ್ರದ ಸದ್ದು ನಡೆದೇ ಇತ್ತು. ಸಂಜೆ ಹಿಂದಿನ ಮೆಟ್ಟಿಲಿನಲ್ಲಿ ಅಕ್ಕನನ್ನು ಅಡ್ಡಗಟ್ಟಿ ನಿಂತಳು.

"ಮೂರು ದಿನ ಮಕ್ಕಳ ಮುಂದೆ ಕಳ್ಳಿ ಥರ ಕೂತಿದ್ದೆ."

ಅಕ್ಕ ತಲೆ ತಗ್ಗಿಸಿದಳು.

"ನನ್ನದು ನಾಯಿ ಮೂಗು ಅಕ್ಕಾ. ಒಂದ್ಸಲ ಕರೆದಿದ್ರೆ ದಿನಾ ಬಂದು ಮೂಸಿ ಹೇಳ್ತಿದ್ದೆ. ನಿಮಗೆ ಕರೆಯೋಕೆ ಯಾರೂ ಇರ್ಲಿಲ್ವಾ?"

ಅಕ್ಕ ಯೋಚಿಸಿದಳು. ಹಾಗೆ ಕರೆಯಬಹುದೆಂದು ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅದನ್ನು ಹೇಳಲು ಹೊರಟು, ಬೇರೆ ಮಾತು ಹೇಳಿದಳು: ಭಾನುವಾರ ಮೇಸ್ತ್ರಿ ಕೆಲಸ ಮುಗಿಸುತ್ತಾನೆ, ಸೋಮವಾರ ಆರಕ್ಕೆ ಬಾ, ಕೋಲು ಹಿಡಿಯುವುದನ್ನು ತೋರಿಸುತ್ತೇನೆ.

ಸೋಮವಾರದಿಂದ ಎಂಟು ದಿನ ಅವಳು ತೋರಿಸಿದಳು. ಹೊಸಬಳ ತೋಳು ನೇರ ಎಳೆಯುವುದನ್ನು ಸುಲಭಕ್ಕೆ ಬಿಡಲಿಲ್ಲ. ಕೋಲು ಅಡ್ಡಾದಿಡ್ಡಿ ಹೋದಾಗಲೆಲ್ಲ, ಇದೇನು ನೆಲ ಒರೆಸೋದೋ ಕುಣಿಯೋದೋ ಎಂದು ಬೈದುಕೊಳ್ಳುತ್ತಿದ್ದಳು. ಒಂಬತ್ತನೆಯ ದಿನ ಕೈಗೆ ಕೂತಿತು. ಅರೆದ ಹಾದಿಯ ಹೊಳಪು ಅರವತ್ತನಾಲ್ಕಕ್ಕೆ ಬಂದಿತ್ತು. ಹಳೆಯ ನೆಲಕ್ಕೂ ಅದಕ್ಕೂ ಇದ್ದ ಎರಡರ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ, ಅಕ್ಕನಿಗೆ ಬಿಟ್ಟು.

ತಿಂಗಳ ಕೊನೆಯ ದಿನ ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಮಾರನೆಯ ದಿನ ಒಂಬತ್ತಕ್ಕೆ ಬಾಗಿಲು ತೆರೆದಾಗ ಅವಳು ಓದುಗರೊಂದಿಗೆ ಮುಂದಿನ ಮೆಟ್ಟಿಲು ಹತ್ತಿ ಬಂದಳು, ಬಾಗಿಲ ಚಾಪೆಯ ಮೇಲೆ ಚಪ್ಪಲಿಯನ್ನು ಎರಡು ಸಲ ಒರೆಸಿ, ಐದನೆಯ ಕಿಟಕಿಯ ಪಕ್ಕದ ಕುರ್ಚಿಯನ್ನು ಎತ್ತಿ ಹಿಂದಕ್ಕಿಟ್ಟು ಕುಳಿತಳು.