ಒಂಟಿ ಚಪ್ಪಲಿ

ಅವಳಿಗೆ ಚೌಕಾಸಿ ಬರುತ್ತಿರಲಿಲ್ಲ. ಪುಸ್ತಕಗಳಿಗೆ ಮುಖಪುಟ ಬರೆದು ಹೊಟ್ಟೆ ಹೊರೆಯುವವರಿಗೆ ಕುಂಚಕ್ಕಿಂತ ಮೊದಲು ಬರಬೇಕಾದ ವಿದ್ಯೆ ಅದು. ಅವಳಿಗೆ ಬಂದದ್ದು ಓದುವುದು. ಹಸ್ತಪ್ರತಿಯನ್ನು ಎರಡು ಸಲ ಪೂರ್ತಿ ಓದದೆ ಒಂದು ಗೆರೆ ಎಳೆದವಳಲ್ಲ.

ತಮ್ಮನಿಗೆ ಆ ತಲೆನೋವಿರಲಿಲ್ಲ. ಅವಳ ಮೇಜಿನ ಇನ್ನೊಂದು ತುದಿಯಲ್ಲೇ ಕೂತು, ಅವಳಿಂದಲೇ ಕೆಲಸ ಕಲಿತವನು. ಕಥೆಯನ್ನು ನಾಲ್ಕು ಸಾಲಲ್ಲಿ ಹೇಳಿ ಎಂದು ಕೇಳಿ, ಸಂಜೆಯೊಳಗೆ ಮುಖಪುಟ ಕೊಡುತ್ತಿದ್ದ, ಅವಳ ದರದ ಕಾಲು ಭಾಗಕ್ಕೆ.

“ಓದೋದು ಓದುಗರ ಕೆಲಸ ಅಕ್ಕ,” ಅನ್ನುತ್ತಿದ್ದ. “ಅದನ್ನೂ ನೀನೇ ಮಾಡಿಬಿಟ್ರೆ ಪಾಪ ಅವರೇನು ಮಾಡ್ಬೇಕು?”

ಅಮ್ಮ ನಗುತ್ತಿದ್ದಳು. ಅವಳೂ ನಗುತ್ತಿದ್ದಳು.

ಆಗ ಪ್ರಕಾಶಕರೊಬ್ಬರು ಹಿರಿಯ ಲೇಖಕಿಯ ಹನ್ನೆರಡೂ ಕಾದಂಬರಿಗಳನ್ನು ಹೊಸ ಮುಖಪುಟದಲ್ಲಿ ತರಲು ಹೊರಟರು. ಹನ್ನೆರಡೂ ಒಬ್ಬರ ಕೈಯಲ್ಲೇ ಆಗಬೇಕು. ಸಿಕ್ಕರೆ ಎರಡು ವರ್ಷ ನಿಶ್ಚಿಂತೆ. ಅದಕ್ಕಿಂತ ಹೆಚ್ಚಾಗಿ, ಓದಿ ಬರೆದೂ ಬದುಕಬಹುದು ಎಂದು ತಮ್ಮನ ಮುಂದೆ ತೋರಿಸಿದಂತಾಗುತ್ತದೆ. ಪುಸ್ತಕದ ಬಂಡಲುಗಳು ಅರ್ಧ ನುಂಗಿದ ಮೆಟ್ಟಿಲು ಹತ್ತಿ ಅವಳು ಅವರ ಆಫೀಸಿಗೆ ಹೋದಳು. ಬಿರುಕು ಬಿಟ್ಟ ಗಾಜಿಗೆ ಟೇಪು ಅಂಟಿಸಿದ ಮೇಜಿನಾಚೆ ಕೂತಿದ್ದ ಪ್ರಕಾಶಕರು, ನಿಮ್ಮ ತಮ್ಮ ಆಗಲೇ ದರ ಹೇಳಿ ಹೋದರಲ್ಲ, ಎಂದರು.

“ನಾನು ದರ ಇಳಿಸಲ್ಲ. ನನ್ನ ಕೆಲಸ ತಂದು ತೋರಿಸ್ತೀನಿ, ಆಮೇಲೆ ಹೇಳಿ.”

“ತೋರಿಸಿ. ನೋಡೋಕೇನು ಖರ್ಚು?”

ಒಂದು ತಿಂಗಳು ಬೇರೆ ಕೆಲಸ ಮುಟ್ಟದೆ ಹನ್ನೆರಡೂ ಕಾದಂಬರಿ ಓದಿದಳು. ಮೊದಲನೆಯದರಲ್ಲಿ ಹೆಂಡತಿ ಮನೆ ಬಿಟ್ಟು ಹೋಗುವಾಗ ಒಂದು ಚಪ್ಪಲಿ ಹೊಸ್ತಿಲಲ್ಲೇ ಉಳಿಯುತ್ತದೆ. ತಿರುಗಿ ತೆಗೆದುಕೊಂಡರೆ ಎಲ್ಲಿ ನಿಂತುಬಿಡುತ್ತೇನೋ ಎಂದು ಅವಳು ಒಂದು ಕಾಲು ಬರಿದಾಗಿಯೇ ನಡೆದುಬಿಡುತ್ತಾಳೆ. ಇಡೀ ಪುಸ್ತಕದಲ್ಲಿ ಅದು ಒಂದೇ ಸಾಲು. ಇವಳು ಮುಚ್ಚಿದ ಬಾಗಿಲು ಬರೆದು, ಮುಂದೆ ಒಂಟಿ ಚಪ್ಪಲಿ ಇಟ್ಟಳು. ಹೀಗೆ ಹನ್ನೆರಡಕ್ಕೂ ಒಂದೊಂದು ಚಿತ್ರ, ಅದು ಯಾಕೆ ಎಂದು ಒಂದೊಂದು ಹಾಳೆ.

ಪ್ರಕಾಶಕರು ಒಂದೊಂದನ್ನೂ ಎತ್ತಿ ನೋಡಿದರು. ಬರೆದವರನ್ನು ಬಿಟ್ಟರೆ ಇಷ್ಟು ಓದಿದವರು ನೀವೇ ಇರಬೇಕು ಎಂದು ಹೊಗಳಿದರು. ಇಲ್ಲೇ ಬಿಟ್ಟಿರಿ, ಪಾಲುದಾರರಿಗೆ ತೋರಿಸಬೇಕು ಎಂದರು. ಬಿಟ್ಟು ಬಂದಳು. ತಲೆಯ ಕೆಲಸವನ್ನು ಪುಕ್ಕಟೆ ಕೊಟ್ಟು, ಕೈಯ ಕೆಲಸಕ್ಕೆ ಮಾತ್ರ ಬೆಲೆ ಕಟ್ಟಿ ಬಂದಿದ್ದೇನೆ ಎಂಬುದು ಮೆಟ್ಟಿಲಿಳಿಯುವಾಗಲೂ ಹೊಳೆಯಲಿಲ್ಲ.

ಮೂರು ವಾರ ಕಳೆದ ಮೇಲೆ ಕತ್ತರಿ ಹುಡುಕುತ್ತ ಮೇಜಿನ ಆ ತುದಿಗೆ ಹೋದಾಗ ತಮ್ಮನ ಕಂಪ್ಯೂಟರ್ ಪರದೆಯ ಮೇಲೆ ಅವಳ ಬಾಗಿಲು ಕಂಡಿತು. ಅದರ ಮುಂದೆ ಎರಡು ಚಪ್ಪಲಿ.

ಅವನು ಕುರ್ಚಿ ತಿರುಗಿಸಲಿಲ್ಲ. “ಪ್ರಕಾಶಕರೇ ಕೊಟ್ರು. ನಿನ್ನ ಗೆರೆ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು. ನಾನು ಬೇಡ ಅಂದಿದ್ರೆ ಇನ್ನೊಬ್ಬ ಮಾಡ್ತಿದ್ದ.”

“ಎರಡು ಯಾಕೆ?”

“ಇನ್ನೊಂದು ಬರೆಯೋದು ಮರೆತಿದ್ದೀಯ ಅನ್ಕೊಂಡೆ. ಸರಿ ಮಾಡ್ದೆ.”

“ಹಾಳೆ ಓದಲಿಲ್ವಾ?”

“ಯಾವ ಹಾಳೆ?”

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಹೋಗ್ಲಿ ಬಿಡೇ. ಹೊರಗಿನವರ ಪಾಲಾಗ್ಲಿಲ್ವಲ್ಲ. ಮನೆ ಕೆಲಸ ಮನೇಲೇ ಉಳೀತು.”

ಪುಸ್ತಕಗಳು ಬಂದವು, ಚೆನ್ನಾಗಿಯೇ ಮಾರಾಟವಾದವು. ಜೋಡಿ ಚಪ್ಪಲಿ ಮುದ್ದಾಗಿದೆ ಎಂದು ಲೇಖಕಿಯೇ ಹೇಳಿದರಂತೆ. ಎರಡು ಯಾಕೆ ಎಂದು ಒಬ್ಬ ಓದುಗನಾದರೂ ಕೇಳಿಯಾನು ಎಂದು ಇವಳು ಆರು ತಿಂಗಳು ಕಾದಳು. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಬೇರೆ ಕೋಣೆ ಬಾಡಿಗೆಗೆ ಹಿಡಿದಿದ್ದಳು. ಅಮ್ಮ ಫೋನು ಮಾಡಿದರೆ ಮಾತಾಡುತ್ತಿದ್ದಳು, ತಮ್ಮನ ಕೈಗೆ ಕೊಟ್ಟರೆ ಇಟ್ಟುಬಿಡುತ್ತಿದ್ದಳು.

ಮುಂದಿನ ಗಿರಾಕಿ ದಪ್ಪ ಹಸ್ತಪ್ರತಿಯೊಂದನ್ನು ತಂದು ಮೇಜಿನ ಮೇಲಿಟ್ಟ. ಅವಳು ಅದನ್ನು ಅವನತ್ತಲೇ ತಳ್ಳಿದಳು.

“ಕಥೆ ನಾಲ್ಕು ಸಾಲಲ್ಲಿ ಹೇಳಿ. ಸಂಜೆಗೆ ಬನ್ನಿ.”

ಹೋದದ್ದು ಹನ್ನೆರಡು ಚಿತ್ರ, ಹನ್ನೆರಡು ಹಾಳೆ, ಒಬ್ಬ ತಮ್ಮ, ಎರಡು ಸಲ ಓದುವ ಒಂದು ಅಭ್ಯಾಸ.